ವಿಯರ್ಡ್ ಅನ್ನೋ ಪದಕ್ಕೂ ದೀಪದ ಬತ್ತಿಗೂ ಇರೋ ನೆಂಟಸ್ತಿಕೆ

ಪ್ರಶ್ನೆ: ನಮಸ್ಕಾರ ಸರ್. ಮಗಳಿಗೆ ಈ ವರ್ಷ ಮ್ಯಾಕ್‌ಬೆತ್ ನಾಟಕ ಪಾಠಕ್ಕಿದೆ. ಅದರಲ್ಲಿ ಬರೋ ಮೂವರು ಮಾಟಗಾತಿಯರನ್ನ 'ವಿಯರ್ಡ್ ಸಿಸ್ಟರ್ಸ್' ಅಂತಾರೆ, ನಾನು 'ವಿಚಿತ್ರವಾದ ಅಕ್ಕತಂಗಿಯರು' ಅಂತ ಹೇಳಿಕೊಟ್ಟೆ. ಅವಳ ಟೀಚರ್ ಅದು ತಪ್ಪು, ಇಲ್ಲಿ ವಿಯರ್ಡ್ ಅಂದ್ರೆ ವಿಧಿ ಅಂದ್ರಂತೆ. ನಮ್ಮ ಆಫೀಸಲ್ಲಿ ಮ್ಯಾನೇಜರ್ ದಿನಕ್ಕೆ ಹತ್ತು ಸಲ 'ದಟ್ಸ್ ವಿಯರ್ಡ್' ಅಂತಾರಲ್ಲ, ಅವರೇನು ವಿಧಿ ಬಗ್ಗೆ ಮಾತಾಡ್ತಿರ್ತಾರಾ? ಇದರ ಮಧ್ಯೆ ಫ್ಯಾಮಿಲಿ ಗ್ರೂಪಲ್ಲಿ ಈ ಪದ ಸಂಸ್ಕೃತದ 'ವಿರುದ್ಧ'ದಿಂದ ಬಂದಿದ್ದು ಅಂತ ಒಂದು ಫಾರ್ವರ್ಡ್ ಬೇರೆ. ಯಾವುದು ಸರಿ?

ಉತ್ತರ: ಟೀಚರ್ ಹೇಳಿದ್ದು ಸರಿ, ಮ್ಯಾನೇಜರ್ ಹೇಳೋದೂ ಸರಿ, ನೀವು ಹೇಳಿಕೊಟ್ಟಿದ್ದು ಇವತ್ತಿನ ಇಂಗ್ಲಿಷಿಗೆ ಸರಿ ಆದ್ರೆ ಆ ನಾಟಕಕ್ಕೆ ಸರಿಯಿಲ್ಲ. ಫಾರ್ವರ್ಡ್ ತಪ್ಪು. ಆದ್ರೆ ಒಂದು ತಮಾಷೆ ಇದೆ ನೋಡಿ, ಆ ಫಾರ್ವರ್ಡ್ ಬರೆದ ಪುಣ್ಯಾತ್ಮರು ಬೀದಿ ಸರಿಯಾಗಿ ಹಿಡಿದು ಮನೆ ಮಾತ್ರ ತಪ್ಪಿದಾರೆ. ಸಂಸ್ಕೃತದಲ್ಲಿ ಈ ಪದಕ್ಕೆ ನೆಂಟರು ನಿಜವಾಗ್ಲೂ ಇದಾರೆ, ಆ ನೆಂಟರು ನಮ್ಮ ಕನ್ನಡದಲ್ಲೂ ತುಂಬಿ ತುಳುಕ್ತಿದಾರೆ, ನಿಮ್ಮ ದೇವರ ಮನೇಲೂ ಒಬ್ಬರಿದಾರೆ. 'ವಿರುದ್ಧ' ಮಾತ್ರ ಅಲ್ಲ. ವಿರುದ್ಧ ಅನ್ನೋದು ವಿ ಸೇರಿಸಿದ ರುಧ್ ಧಾತು, ರೋಧ, ನಿರೋಧ, ವಿರೋಧ ಎಲ್ಲಾ ಅದರ ಸಂಸಾರ. ಕಿವಿಗೆ ಒಂದೇ ಥರ ಕೇಳಿಸಿದ ತಕ್ಷಣ ಸಂಬಂಧ ಅಂದ್ಕೊಂಡ್ರೆ ಬಸ್ಸಲ್ಲಿ ಪಕ್ಕ ಕೂತವರೆಲ್ಲ ದಾಯಾದಿಗಳು ಅಂದ ಹಾಗಾಗುತ್ತೆ.

ಮೊದಲು ಹಳೇ ಕಥೆ ಹೇಳಿಬಿಡ್ತೀನಿ. ಸಾವಿರ ವರ್ಷದ ಹಿಂದಿನ ಇಂಗ್ಲಿಷಲ್ಲಿ ಇದು ವಿಶೇಷಣವೇ ಅಲ್ಲ, ನಾಮಪದ. ಅವರು ಬರೀತಿದ್ದಿದ್ದು ಡಬ್ಲ್ಯೂ-ವೈ-ಆರ್-ಡಿ, ಹೆಚ್ಚುಕಡಿಮೆ 'ವ್ಯುರ್ಡ್' ಅನ್ನೋ ಹಾಗೆ ತುಟಿ ಮುಂದೆ ಮಾಡಿ ಹೇಳಬೇಕು. ಅರ್ಥ: ಆದದ್ದು, ಆಗೋದು, ಆಗಲೇಬೇಕಾದ್ದು. ಕನ್ನಡದಲ್ಲಿ ಇದಕ್ಕೆ ಹುಡುಕೋದೇ ಬೇಡ, 'ಆಗುಹೋಗು' ಅಂತೀವಲ್ಲ, ಅದರ ಮೊದಲರ್ಧಕ್ಕೆ ಸ್ವಲ್ಪ ಭಾರ ಸೇರಿಸಿದ್ರೆ ಸಾಕು. ಬಿಯೋವುಲ್ಫ್ ಅನ್ನೋ ಹಳೇ ಇಂಗ್ಲಿಷಿನ ದೊಡ್ಡ ಕಾವ್ಯದಲ್ಲಿ ನಾಯಕ ರಾಕ್ಷಸನ ಜೊತೆ ರಾತ್ರಿ ಬರಿಗೈಲಿ ಗುದ್ದಾಡೋಕೆ ಹೋಗೋ ಮುಂಚೆ, ನಾನು ಸತ್ರೆ ನನ್ನ ಕವಚ ನಮ್ಮ ರಾಜನಿಗೆ ಕಳಿಸಿಬಿಡಿ ಅಂತ ಹೇಳಿ ಕೊನೇಲಿ ಒಂದು ಮಾತು ಸೇರಿಸ್ತಾನೆ, ವ್ಯುರ್ಡ್ ತಾನು ಹೋಗಬೇಕಾದ ಹಾಗೇ ಹೋಗುತ್ತೆ ಅಂತ. ನಮ್ಮಲ್ಲಿ ಆಪರೇಷನ್ ಥಿಯೇಟರ್ ಹೊರಗೆ ಕೂತಿರೋ ದೊಡ್ಡವರು 'ಆಗೋದು ಆಗೇ ಆಗುತ್ತೆ, ನೀನ್ ಊಟ ಮಾಡು' ಅಂತಾರಲ್ಲ, ಅದೇ ದನಿ. ಅಲ್ಲಿ ವಿಚಿತ್ರ ಅನ್ನೋ ಅರ್ಥದ ವಾಸನೆಯೂ ಇಲ್ಲ.

ಇಲ್ಲೊಂದು ಎಚ್ಚರಿಕೆ. ಇಂಟರ್ನೆಟ್ಟಲ್ಲಿ ಹುಡುಕಿದ್ರೆ ಆಂಗ್ಲೋ-ಸ್ಯಾಕ್ಸನ್ ಜನ, ಅಂದ್ರೆ ಆ ಹಳೇ ಇಂಗ್ಲಿಷ್ ಆಡ್ತಿದ್ದೋರು, ಇದನ್ನ ಒಂದು ದೇವಿ ಮಾಡಿ ಪೂಜೆ ಮಾಡ್ತಿದ್ರು ಅಂತ ಬಣ್ಣಬಣ್ಣದ ಚಿತ್ರದ ಸಮೇತ ಸಿಗುತ್ತೆ. ನಾನದನ್ನ ಒಪ್ಪಲ್ಲ. ಕೈಗೆ ಸಿಕ್ಕಿರೋ ಹಳೇ ಇಂಗ್ಲಿಷ್ ಬರಹದಲ್ಲಿ ಈ ಪದ ಸುಮಾರು ಕಡೆ ಸಪ್ಪೆಯಾಗಿ 'ಘಟನೆ' ಅನ್ನೋ ಅರ್ಥದಲ್ಲೇ ಬರುತ್ತೆ, ಬರೆದವರು ಹೆಚ್ಚಿನವರು ಕ್ರೈಸ್ತ ಸನ್ಯಾಸಿಗಳು ಬೇರೆ. ಲ್ಯಾಟಿನ್ ಪದಗಳಿಗೆ ಇಂಗ್ಲಿಷ್ ಅರ್ಥ ಬರೆದಿಟ್ಟ ಹಳೇ ಪದಪಟ್ಟಿಗಳಲ್ಲಿ ರೋಮನ್ನರ ಮೂರು ವಿಧಿದೇವಿಯರಿಗೆ ಇದೇ ಪದದ ಬಹುವಚನ ಹಾಕಿದಾರೆ ನಿಜ, ಆದ್ರೆ ಅದು ಅರ್ಥ ಬರೆಯೋಕೆ ಹುಡುಕಿಕೊಂಡ ಪದ, ಅಷ್ಟಕ್ಕೇ ಇವರೂ ಪೂಜೆ ಮಾಡ್ತಿದ್ರು ಅನ್ನೋಕಾಗಲ್ಲ.

ಸರಿ, ಈಗ ಬೇರಿಗೆ ಬರೋಣ, ನನಗೆ ತುಂಬಾ ಇಷ್ಟವಾದ ಜಾಗ ಇದು. ಹಳೇ ಇಂಗ್ಲಿಷಲ್ಲಿ 'ಆಗು' ಅನ್ನೋದಕ್ಕೆ ವೆಒರ್ದನ್ ಅನ್ನೋ ಕ್ರಿಯಾಪದ ಇತ್ತು, ಜರ್ಮನ್‌ನಲ್ಲಿ ಇವತ್ತಿಗೂ ವೆರ್ಡೆನ್ ಅಂತ ಇದೆ, ಜರ್ಮನ್ ಕಲಿತಿರೋ ಇಂಜಿನಿಯರುಗಳಿಗೆ ಎರಡನೇ ವಾರದಲ್ಲೇ ಕಾಟ ಕೊಟ್ಟಿರುತ್ತೆ. ಆ ಕ್ರಿಯಾಪದದಿಂದ ಹುಟ್ಟಿದ ನಾಮಪದವೇ ನಮ್ಮ ವ್ಯುರ್ಡ್. ಇನ್ನೂ ಹಿಂದೆ ಹೋದ್ರೆ ಇದೆಲ್ಲದಕ್ಕೂ ತಿರುಗು, ಸುತ್ತು ಅನ್ನೋ ಅರ್ಥದ ಒಂದೇ ಮೂಲ ಧಾತು. ಲ್ಯಾಟಿನ್ ಮನೇಲಿ ಅದು ವೆರ್ತೆರೆ ಆಯ್ತು, ಅದರಿಂದ ಇಂಗ್ಲಿಷಿಗೆ ಕನ್ವರ್ಟ್, ರಿವರ್ಸ್, ವರ್ಷನ್, ವರ್ಟಿಕಲ್ ಎಲ್ಲಾ ಬಂದ್ವು. ಸಂಸ್ಕೃತದ ಮನೇಲಿ ಅದು ವೃತ್ ಧಾತು.

ವೃತ್ ಅಂದ್ಮೇಲೆ ನೀವೇ ಲೆಕ್ಕ ಹಾಕ್ಕೊಳ್ಳಿ. ವೃತ್ತ, ವರ್ತುಲ, ವರ್ತನೆ, ವೃತ್ತಿ, ನಿವೃತ್ತಿ, ಪ್ರವೃತ್ತಿ, ಆವೃತ್ತಿ, ಪರಿವರ್ತನೆ, ವೃತ್ತಾಂತ, ಚಕ್ರವರ್ತಿ, ಸಂಜೆ ಏಳಕ್ಕೆ ರೇಡಿಯೋದಲ್ಲಿ ಬರ್ತಿದ್ದ ವಾರ್ತೆ. ನಿಮ್ಮ ಮಾವನವರು ರಿಟೈರ್ ಆಗಿದ್ರೆ ಅವರ ನಿವೃತ್ತಿಗೂ ಮ್ಯಾನೇಜರ್ ಬಾಯಿಂದ ಬರೋ ವಿಯರ್ಡಿಗೂ ಎಲ್ಲೋ ಮೇಲೆ ಒಬ್ಬನೇ ಮುತ್ತಾತ. ಇವೆಲ್ಲಾ ಸಂಸ್ಕೃತದ ಪದಗಳಾಗೇ ಉಳಿದವು, ಆದ್ರೆ ಒಂದೆರಡು ನಮ್ಮ ಬಾಯಲ್ಲಿ ಉರುಳಿ ನಮ್ಮದೇ ಆಗಿಬಿಟ್ಟಿವೆ. ಶಾಲೇಲಿ ತತ್ಸಮ-ತದ್ಭವ ಬಾಯಿಪಾಠ ಮಾಡಿದ್ದು ನೆನಪಿದ್ಯಾ, ವರ್ಣ ಬಣ್ಣ, ವನ ಬನ, ವ ಇದ್ದಿದ್ದು ಬ ಆಗೋದು. ಅದೇ ಲೆಕ್ಕದಲ್ಲಿ ವರ್ತಿ ಬತ್ತಿ. ಹೌದು, ದೀಪದ ಬತ್ತಿ. ವರ್ತಿ ಅಂದ್ರೆ ಸುತ್ತಿದ್ದು, ಹೊಸೆದದ್ದು. ನಮ್ಮಜ್ಜಿ ಮಧ್ಯಾಹ್ನ ಊಟ ಆದ್ಮೇಲೆ ಜಗಲಿ ಮೇಲೆ ಕಾಲು ಚಾಚಿ ಕೂತು, ಹತ್ತಿ ಎಳೆದು ಬೆರಳಿಗೆ ಒಂಚೂರು ವಿಭೂತಿ ಮುಟ್ಟಿಸಿಕೊಂಡು, ಅಂಗೈ ಮೇಲೆ ಅಂಗೈ ಇಟ್ಟು ಒಂದೇ ಸಲ ಹಿಂದಕ್ಕೂ ಮುಂದಕ್ಕೂ ಉಜ್ಜಿದ್ರೆ ಬತ್ತಿ ರೆಡಿ, ಹಾಗೆ ನೂರು ಇನ್ನೂರು ಹೊಸೆದು ಖಾಲಿ ಬಿಸ್ಕತ್ ಡಬ್ಬಕ್ಕೆ ತುಂಬಿಡೋರು. ಆ ಅಂಗೈ ತಿರುವಿದೆಯಲ್ಲ, ಅದೇ ಈ ಇಡೀ ಪದಸಂಸಾರದ ಮೂಲ ಅರ್ಥ.

ಹಾಗಂತ ಕನ್ನಡವೂ ಇಂಗ್ಲಿಷೂ ಒಂದೇ ಕುಟುಂಬ ಅಂತ ಇನ್ನೊಂದು ಫಾರ್ವರ್ಡ್ ಶುರು ಮಾಡಬೇಡಿ ಮತ್ತೆ. ಕನ್ನಡ ದ್ರಾವಿಡ ಭಾಷೆ, ಈ ಪದಗಳು ನಮ್ಮಲ್ಲಿಗೆ ಸಂಸ್ಕೃತ ಪ್ರಾಕೃತಗಳ ಮೂಲಕ ಬಂದ ಅತಿಥಿಗಳು. ಇಂಗ್ಲಿಷ್ ಪದ ಸಂಸ್ಕೃತದಿಂದ ಬಂತು ಅನ್ನೋದೂ ತಪ್ಪು, ಎರಡೂ ಅಕ್ಕತಂಗಿಯರು, ಒಬ್ಬರು ಇನ್ನೊಬ್ಬರನ್ನ ಹೆತ್ತಿಲ್ಲ.

ತಿರುಗೋದಕ್ಕೂ ಆಗೋದಕ್ಕೂ ಏನು ಸಂಬಂಧ ಅಂತ ಕೇಳಬಹುದು. 'ಅವನ ದೆಸೆ ತಿರುಗಿತು' ಅಂತೀವಲ್ಲ, ತಿರುಗಿದ್ದು ಏನು? ಏನೂ ತಿರುಗಿಲ್ಲ, ಪರಿಸ್ಥಿತಿ ಇನ್ನೊಂದು ಆಯ್ತು ಅಷ್ಟೆ. ಇಂಗ್ಲಿಷ್, ಜರ್ಮನ್ ಎಲ್ಲಾ ಸೇರೋ ಜರ್ಮಾನಿಕ್ ಭಾಷೆಗಳಲ್ಲಿ ಆ 'ತಿರುಗಿ ಇನ್ನೊಂದಾಗು' ಅನ್ನೋದೇ ಸವೆದು ಸವೆದು ಬರೀ 'ಆಗು' ಆಯ್ತು. ಇದರ ಜೊತೆ ನೂಲಿನ ಚಿತ್ರವೂ ಇರಬಹುದು, ಯಾಕಂದ್ರೆ ಇದೇ ಧಾತುವಿನಿಂದ ರಷ್ಯನ್‌ನಲ್ಲಿ ನೂಲೋ ಕದಿರಿಗೆ ಪದ ಹುಟ್ಟಿದೆ, ಲ್ಯಾಟಿನ್ ಮತ್ತು ಜರ್ಮನ್‌ನಲ್ಲಿ ಕದಿರಿನ ಬುಡಕ್ಕೆ ಭಾರಕ್ಕೆ ಹಾಕೋ ಬಿಲ್ಲೆಗೆ ಪದ ಹುಟ್ಟಿದೆ. ಗ್ರೀಕರ ವಿಧಿದೇವಿಯರೂ ಮೂವರು, ಒಬ್ಬಳು ಆಯಸ್ಸಿನ ನೂಲು ತೆಗೀತಾಳೆ, ಒಬ್ಬಳು ಅಳೀತಾಳೆ, ಒಬ್ಬಳು ಕತ್ತರಿಸ್ತಾಳೆ. ಕದಿರು ತಿರುಗಿದಂಗೆ ಆಯಸ್ಸು ಅನ್ನೋ ಕಲ್ಪನೆ ಯುರೋಪಿಗೆ ಹೊಸದಲ್ಲ.

ಇದೇ ಪದದ ಸ್ಕ್ಯಾಂಡಿನೇವಿಯಾದ ರೂಪ ಉರ್ದ್. ಅಲ್ಲಿ ಮಾತ್ರ ಇದು ನಿಜವಾಗ್ಲೂ ಒಬ್ಬ ದೇವತೆಯ ಹೆಸರು. ಅವರ ಪುರಾಣದಲ್ಲಿ ನಾರ್ನ್ ಅನ್ನೋ ವಿಧಿದೇವತೆಯರು ಇದಾರೆ, ಮುಖ್ಯವಾದವರು ಮೂವರು: ಉರ್ದ್, ವೆರ್ದಾಂಡಿ, ಸ್ಕುಲ್ದ್. ಉರ್ದ್ ಅಂದ್ರೆ ಆಗಿಹೋದದ್ದು. ವೆರ್ದಾಂಡಿ ಅಂದ್ರೆ ಆಗ್ತಾ ಇರೋದು, ಅದೇ ಧಾತುವಿನ ವರ್ತಮಾನ ಕೃದಂತ, ಅಂದ್ರೆ 'ಮಾಡುವ', 'ಆಗುವ' ಥರದ ರೂಪ. ಈಗ ಆ 'ವರ್ತಮಾನ' ಅನ್ನೋ ಪದ ಇದೆಯಲ್ಲ, ಅದೂ ವೃತ್ ಧಾತುವಿನ ವರ್ತಮಾನ ಕೃದಂತವೇ! ಐಸ್‌ಲ್ಯಾಂಡಿನ ಪುರಾಣದ ಮಧ್ಯದ ಅಕ್ಕನಿಗೂ ನಮ್ಮ ವ್ಯಾಕರಣದ ಮಧ್ಯದ ಕಾಲಕ್ಕೂ ಹೆಸರು ಒಂದೇ ಅಚ್ಚಿಂದ ಬಂದಿದೆ. ಇದು ಮೊದಲ ಸಲ ಗೊತ್ತಾದಾಗ ನಾನು ಲೈಬ್ರರಿಲಿ ಒಬ್ಬನೇ ನಕ್ಕಿದ್ದೆ, ಪಕ್ಕದಲ್ಲಿ ಕಾಂಪಿಟಿಟಿವ್ ಪರೀಕ್ಷೆಗೆ ಓದ್ತಿದ್ದ ಹುಡುಗ ತಿರುಗಿ ನೋಡಿದ. ಮೂರನೇಯವಳು ಸ್ಕುಲ್ದ್ ಬೇರೆ ಧಾತು, ಇಂಗ್ಲಿಷಿನ ಶಲ್‌ಗೆ ಸಂಬಂಧ, ಆಗಬೇಕಾದ್ದು ಅಂತಲೂ ಸಾಲ ಅಂತಲೂ ಅರ್ಥ. ಮುಂದೆ ಆಗೋದು ಅಂದ್ರೆ ತೀರಿಸಬೇಕಾದ ಋಣ ಅನ್ನೋ ಯೋಚನೆ ನಮಗೆ ಹೇಳಿಕೊಡಬೇಕಾ.

ಈ ನಾರ್ನ್‌ಗಳು ಮಗು ಹುಟ್ಟಿದಾಗ ಮನೆಗೆ ಬಂದು ಅದರ ಬದುಕು ಹೇಗಿರಬೇಕು ಅಂತ ತೀರ್ಮಾನ ಮಾಡಿ ಹೋಗ್ತಾರೆ. ನಮ್ಮ ಉತ್ತರ ಕರ್ನಾಟಕದ ಕಡೆಯವರಿಗೆ ಇದು ಕೇಳಿದ ಕಥೆ ಅನ್ನಿಸಬೇಕು. ಸಟವಿ, ಸೆಟವಿ ಅಂತ ಒಂದೊಂದು ಕಡೆ ಒಂದೊಂದು ಥರ ಹೇಳ್ತಾರೆ, ಮಗು ಹುಟ್ಟಿದ ಐದನೇ ದಿನವೋ ಆರನೇ ದಿನವೋ ರಾತ್ರಿ ತೊಟ್ಟಿಲ ಹತ್ತಿರ ಹಾಳೆ ಪೆನ್ನು ಇಟ್ಟು ಮಲಗ್ತಾರೆ, ಅವಳು ಬಂದು ಹಣೆಬರಹ ಬರೆದು ಹೋಗ್ತಾಳೆ ಅಂತ. ಎರಡಕ್ಕೂ ನೇರ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ, ನಿಮ್ಮ ಮಗಳಿಗೆ ಹೇಳಿಕೊಡೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ ಅಂತಷ್ಟೆ. ವಿಯರ್ಡ್ ಸಿಸ್ಟರ್ಸ್ ಅಂದ್ರೆ ಮೂವರು ಸಟವಿಯರು ಅಂದುಬಿಡಿ.

ಭಾಷಾಶಾಸ್ತ್ರದ ಒಂದು ಸಣ್ಣ ವಿಷಯ, ಬೇಡ ಅಂದ್ರೆ ಈ ಪ್ಯಾರಾ ಬಿಟ್ಟುಬಿಡಿ. ಕ್ರಿಯಾಪದದಲ್ಲಿ ದ್ ಥರದ ಮೆತ್ತನೆ ಸದ್ದಿದೆ, ನಾಮಪದದಲ್ಲಿ ಗಟ್ಟಿ ಡ್ ಇದೆ, ಒಂದೇ ಧಾತು ಆದ್ರೆ ಯಾಕೆ ಹೀಗೆ ಅನ್ನೋದು ಹತ್ತೊಂಬತ್ತನೇ ಶತಮಾನದ ಪಂಡಿತರಿಗೆ ತಲೆನೋವಾಗಿತ್ತು. ಇಂಥದ್ದಕ್ಕೆಲ್ಲ ಉತ್ತರ ಕೊಟ್ಟವನು ಕಾರ್ಲ್ ವರ್ನರ್ ಅನ್ನೋ ಡೆನ್ಮಾರ್ಕಿನವನು, 1870ರ ದಶಕದಲ್ಲಿ. ಅವನಿಗೆ ಕೀಲಿಕೈ ಸಿಕ್ಕಿದ್ದು ವೇದದ ಸ್ವರದಲ್ಲಿ. ವೇದದಲ್ಲಿ ಉದಾತ್ತ, ಅಂದ್ರೆ ಎತ್ತರಿಸಿ ಹೇಳೋ ಸ್ವರ ಧಾತುವಿನ ಮೇಲೆ ಬೀಳೋ ರೂಪಗಳಿಗೆ ಸರಿಯಾಗಿ ಇಂಗ್ಲಿಷ್ ಕಡೆ ಒಂದು ಸದ್ದು, ಸ್ವರ ಪ್ರತ್ಯಯದ ಮೇಲೆ ಬೀಳೋ ರೂಪಗಳಿಗೆ ಇನ್ನೊಂದು ಸದ್ದು. ಇವತ್ತಿಗೂ ಈ ನಿಯಮ ಪಾಠ ಮಾಡುವಾಗ ವೃತ್ ಧಾತುವಿನ ರೂಪಗಳನ್ನೇ ಬೋರ್ಡ್ ಮೇಲೆ ಬರೀತಾರೆ. ನಮ್ಮ ಘನಪಾಠಿಗಳು ಬಾಯಲ್ಲಿ ಕಾಪಾಡಿಕೊಂಡು ಬಂದ ಸ್ವರ, ಇಂಗ್ಲಿಷಿನ ಒಂದು ಡ್ ಯಾಕೆ ಡ್ ಅಂತ ಹೇಳೋಕೆ ಉಪಯೋಗಕ್ಕೆ ಬಂತು.

ಇನ್ನು ಇಂಗ್ಲೆಂಡಿಗೆ ವಾಪಸ್ ಬರೋಣ. ಅಲ್ಲಿ ಫ್ರೆಂಚ್ ಮತ್ತು ಲ್ಯಾಟಿನ್ ಕಡೆಯಿಂದ ಫೇಟ್, ಡೆಸ್ಟಿನಿ, ಫಾರ್ಚೂನ್ ಎಲ್ಲಾ ಬಂದು ಕೂತ ಮೇಲೆ ಈ ಹಳೇ ಪದಕ್ಕೆ ಮನೇಲಿ ಜಾಗ ಕಮ್ಮಿ ಆಯ್ತು. ಹದಿನಾಲ್ಕನೇ ಶತಮಾನದಲ್ಲಿ ಚಾಸರ್ ಅನ್ನೋ ಕವಿ ಇದನ್ನ ಬಳಸಿದಾನೆ, ಆಮೇಲೆ ದಕ್ಷಿಣದಲ್ಲಿ ಮೆಲ್ಲಗೆ ಮಾಯ. ಉಳಿದಿದ್ದು ಉತ್ತರದಲ್ಲಿ, ಸ್ಕಾಟ್ಲೆಂಡಿನಲ್ಲಿ. ಅಲ್ಲಿ ಹಣೆಬರಹ ಅನುಭವಿಸು ಅನ್ನೋಕೆ 'ಡ್ರೀ ಯುವರ್ ವಿಯರ್ಡ್' ಅನ್ನೋ ನುಡಿಗಟ್ಟು ಚೆನ್ನಾಗಿ ಬಾಳಿತು, 'ಪಡ್ಕೊಂಡು ಬಂದಿದ್ದು ಅನುಭವಿಸು' ಅಂತೀವಲ್ಲ ಹಾಗೆ. ಮೂವರು ವಿಧಿದೇವಿಯರನ್ನ ವಿಯರ್ಡ್ ಸಿಸ್ಟರ್ಸ್ ಅನ್ನೋದೂ ಅಲ್ಲಿನ ಮಾತೇ. ಸುಮಾರು 1420ರಲ್ಲಿ ಆಂಡ್ರ್ಯೂ ಆಫ್ ವಿಂಟೌನ್ ಅನ್ನೋನು ಸ್ಕಾಟ್ಲೆಂಡಿನ ಚರಿತ್ರೆಯನ್ನ ಪದ್ಯದಲ್ಲಿ ಬರೆದ, ಅದರಲ್ಲಿ ಮ್ಯಾಕ್‌ಬೆತ್‌ಗೆ ಕನಸಲ್ಲಿ ಮೂವರು ಹೆಂಗಸರು ಕಾಣಿಸ್ತಾರೆ, ಅವನಿಗೆ ಅವರು ಈ ಮೂವರು ಅಕ್ಕತಂಗಿಯರೇ ಇರಬೇಕು ಅನ್ನಿಸುತ್ತೆ. ಅದೇ ಕಥೆ ಕೈಯಿಂದ ಕೈಗೆ ಬಂದು ಹಾಲಿನ್‌ಶೆಡ್‌ನ ಚರಿತ್ರೆ ಪುಸ್ತಕಕ್ಕೆ ಸೇರಿತು, 1577ರಲ್ಲಿ ಒಂದು ಮುದ್ರಣ, 1587ರಲ್ಲಿ ಇನ್ನೊಂದು. ಇಂಗ್ಲೆಂಡಿನ ಓದುಗರಿಗೆ ಈ ಪದ ಆಗಲೇ ಮರೆತುಹೋಗಿತ್ತು ಅಂತ ಕಾಣುತ್ತೆ, ಯಾಕಂದ್ರೆ ಹಾಲಿನ್‌ಶೆಡ್‌ನಲ್ಲಿ ಪಕ್ಕದಲ್ಲೇ 'ಅಂದ್ರೆ ವಿಧಿಯ ದೇವತೆಯರು' ಅಂತ ಅರ್ಥ ಬಿಡಿಸಿ ಹೇಳಿದಾರೆ. ಶೇಕ್ಸ್‌ಪಿಯರ್ ಓದಿದ್ದು ಆ ಪುಸ್ತಕ.

1606ರ ಸುಮಾರಿಗೆ ಶೇಕ್ಸ್‌ಪಿಯರ್ ಈ ಜೋಡಿಪದವನ್ನ ಹಾಗೇ ಎತ್ತಿ ನಾಟಕಕ್ಕೆ ಹಾಕಿದ. ಅಂದ್ರೆ ಅವನ ವಿಯರ್ಡ್ ಸಿಸ್ಟರ್ಸ್‌ನಲ್ಲಿ ವಿಯರ್ಡ್ ಅನ್ನೋದು ಅವರ ವೇಷಕ್ಕೆ ಕೊಟ್ಟ ಬಣ್ಣನೆ ಅಲ್ಲ, ಅವರ ಡ್ಯೂಟಿ. ರೆವಿನ್ಯೂ ಇನ್‌ಸ್ಪೆಕ್ಟರ್ ಅಂದ್ರೆ ರೆವಿನ್ಯೂ ಥರ ಕಾಣೋ ಇನ್‌ಸ್ಪೆಕ್ಟರ್ ಅಲ್ವಲ್ಲ. ಅವರು ಮೊದಲ ಸಲ ತಮ್ಮನ್ನ ಹೀಗೆ ಕರ್ಕೊಳ್ಳೋದು ಒಂದು ಸಣ್ಣ ಕುಣಿತದ ಹಾಡಲ್ಲಿ, ಕೈಕೈ ಹಿಡಿದು ಸುತ್ತು ಬರ್ತಾರೆ, ಮೂರು ಸುತ್ತು ನಿನಗೆ, ಮೂರು ನನಗೆ, ಇನ್ನೂ ಮೂರು ಸೇರಿಸಿ ಒಂಬತ್ತು, ಮಾಟ ಕಟ್ಟಾಯ್ತು ಅಂತ. ಸುತ್ತೋದು! ಶೇಕ್ಸ್‌ಪಿಯರಿಗೆ ವೃತ್ ಧಾತು ಗೊತ್ತಿರೋಕೆ ಸಾಧ್ಯವೇ ಇಲ್ಲ, ಆದ್ರೂ ನೋಡಿ.

ಮಗಳಿಗೆ ಇನ್ನೊಂದು ಜಾಗ ತೋರಿಸಿ. ಮ್ಯಾಕ್‌ಬೆತ್ ಎದುರಾದಾಗ ಮೂವರೂ ಒಬ್ಬೊಬ್ಬರಾಗಿ ಜಯಕಾರ ಹಾಕ್ತಾರಲ್ಲ, ಮೊದಲನೇಯವಳು ಗ್ಲಾಮಿಸ್‌ನ ಒಡೆಯ ಅಂತಾಳೆ, ಅದು ಅವನು ಆಗಲೇ ಆಗಿರೋದು. ಎರಡನೇಯವಳು ಕಾಡರ್‌ನ ಒಡೆಯ ಅಂತಾಳೆ, ಅದು ರಾಜನ ಬಾಯಲ್ಲಿ ಅಪ್ಪಣೆ ಆಗಿದೆ, ಸುದ್ದಿ ದಾರೀಲಿದೆ, ಅವನಿಗಿನ್ನೂ ಮುಟ್ಟಿಲ್ಲ. ಮೂರನೇಯವಳು ಮುಂದೆ ರಾಜ ಆಗೋನು ಅಂತಾಳೆ. ಆಗಿದ್ದು, ಆಗ್ತಾ ಇರೋದು, ಆಗಬೇಕಾದ್ದು. ಉರ್ದ್, ವೆರ್ದಾಂಡಿ, ಸ್ಕುಲ್ದ್ ಅದೇ ಸಾಲಲ್ಲಿ ನಿಂತಿದಾರೆ ಅನ್ನಿಸಲ್ವಾ? ಶೇಕ್ಸ್‌ಪಿಯರ್ ನಾರ್ಸ್, ಅಂದ್ರೆ ಆ ಸ್ಕ್ಯಾಂಡಿನೇವಿಯಾದ ಪುರಾಣ ಓದಿದ್ದ ಅಂತ ಪರೀಕ್ಷೆಲಿ ಬರೀಬೇಡ ಅಂತ ಮಾತ್ರ ಹೇಳಿ, ಹೋಲಿಕೆ ಅಂತ ಬರೆದ್ರೆ ಮಾರ್ಕ್ಸ್ ಸಿಗುತ್ತೆ.

ಈಗ ಪದ ಹಾದಿ ತಪ್ಪಿದ್ದು ಎಲ್ಲಿ ಅಂತ ನೋಡೋಣ. ನಾಟಕ ಮೊದಲು ಅಚ್ಚಾಗಿದ್ದು 1623ರ ದೊಡ್ಡ ಸಂಪುಟದಲ್ಲಿ, ಶೇಕ್ಸ್‌ಪಿಯರ್ ತೀರಿಕೊಂಡು ಏಳು ವರ್ಷ ಆಗಿತ್ತು. ಅದರಲ್ಲಿ ಈ ಪದ 'ವೇವರ್ಡ್', 'ವೇಯರ್ಡ್' ಅಂತ ಬೇರೆ ಸ್ಪೆಲಿಂಗಲ್ಲಿ ಬಿದ್ದಿದೆ. ಅಚ್ಚುಮೊಳೆ ಜೋಡಿಸೋರಿಗೆ ಪದ ಗೊತ್ತಿರಲಿಲ್ಲವೋ, ಅಥವಾ ಎರಡು ಮಾತ್ರೆ ಎಳೆದು ಹೇಳಬೇಕು ಅಂತ ಬರೆದವರೇ ಹಾಗೆ ಬರೆದಿದ್ರೋ, ಪಂಡಿತರು ಇನ್ನೂ ಜಗಳ ಆಡ್ತಾರೆ. ಆದ್ರೆ ವೇವರ್ಡ್ ಅಂದ್ರೆ ಇಂಗ್ಲಿಷಲ್ಲಿ ಮಾತು ಕೇಳದ, ಹಠಮಾರಿ ಅಂತ ಬೇರೆಯೇ ಅರ್ಥ. ಮಾಟಗಾತಿಯರು ಹಠಮಾರಿ ಅಕ್ಕತಂಗಿಯರಾಗಿ ನೂರು ವರ್ಷದ ಮೇಲೆ ಬದುಕಿದ್ರು. 1733ರ ಆವೃತ್ತಿಯಲ್ಲಿ ಲೂಯಿಸ್ ಥಿಯೋಬಾಲ್ಡ್ ಅನ್ನೋ ಸಂಪಾದಕ ಹಾಲಿನ್‌ಶೆಡ್ ತೆಗೆದು ನೋಡಿ ಇದು ವಿಯರ್ಡ್ ಅಂತ ತಿದ್ದಿದ. ಪುಣ್ಯಾತ್ಮ ಪದ ಉಳಿಸಿದ, ಆದ್ರೆ ಅಷ್ಟೊತ್ತಿಗೆ ಅದರ ಅರ್ಥ ಲಂಡನ್ನಿನ ಜನಕ್ಕೆ ಗೊತ್ತಿರಲಿಲ್ಲ. ಅವರು ನೋಡಿದ್ದು ಏನು? ರಂಗದ ಮೇಲೆ ಮೂವರು, ಒಣಗಿದ ಮೈ, ಹರಕು ಬಟ್ಟೆ, ಗಡ್ಡ ಬೇರೆ ಇದೆ, ಗುಡುಗು ಮಿಂಚು. ಅವರಿಗೆ ವಿಯರ್ಡ್ ಅಂತಾರೆ. ಹಾಗಾದ್ರೆ ವಿಯರ್ಡ್ ಅಂದ್ರೆ ಹೀಗಿರೋದು! ಸಣ್ಣ ಮಕ್ಕಳು ಪದ ಕಲಿಯೋದೂ ಹೀಗೇ, ಅರ್ಥ ಕೇಳಲ್ಲ, ತೋರಿಸಿದ ವಸ್ತು ನೋಡ್ತಾರೆ.

ಹತ್ತೊಂಬತ್ತನೇ ಶತಮಾನದ ಶುರುವಲ್ಲಿ ರೊಮ್ಯಾಂಟಿಕ್ ಕವಿಗಳಿಗೆ ಈ ಪದ ಬೆಲ್ಲ ಸಿಕ್ಕಂಗಾಯ್ತು. ಶೆಲ್ಲಿ 1816ರಲ್ಲಿ ಬಂದ ಅಲಾಸ್ಟರ್ ಅನ್ನೋ ಪದ್ಯದಲ್ಲಿ ರಾತ್ರಿಯ ನಿಶ್ಶಬ್ದವೇ ಮಾಡೋ ಒಂದು ಸದ್ದಿಗೆ ವಿಯರ್ಡ್ ಅಂತಾನೆ. ಇಲ್ಲಿ ವಿಧಿಯೂ ಇಲ್ಲ, ಅಕ್ಕತಂಗಿಯರೂ ಇಲ್ಲ, ಬರೀ ಆ ಮೈ ಜುಮ್ ಅನ್ನೋದು ಮಾತ್ರ ಉಳಿದಿದೆ. ಅಲ್ಲಿಂದ ಪದ ಇಳಿಜಾರಲ್ಲಿ ಬ್ರೇಕ್ ಬಿಟ್ಟ ಸೈಕಲ್. 1923ರಲ್ಲಿ ಅಮೆರಿಕಾದಲ್ಲಿ ವಿಯರ್ಡ್ ಟೇಲ್ಸ್ ಅನ್ನೋ ಪತ್ರಿಕೆ ಶುರುವಾದಾಗಲೂ ದೆವ್ವ ಭೂತದ ಗಮಲು ಅದಕ್ಕಿತ್ತು. ಆಮೇಲಾಮೇಲೆ ಅದೂ ಹೋಗಿ, ಚಹಾಕ್ಕೆ ಉಪ್ಪು ಬಿದ್ರೂ ವಿಯರ್ಡ್, ಲಿಫ್ಟ್ ಎರಡನೇ ಫ್ಲೋರಲ್ಲಿ ಸುಮ್ನೆ ನಿಂತ್ರೂ ವಿಯರ್ಡ್.

ನಮಗೆ ಇದು ವಿಚಿತ್ರ ಅನ್ನಿಸಬಾರದು, ನಾವೂ ಇದನ್ನೇ ಮಾಡಿದೀವಿ. ಗ್ರಹಚಾರ ಅಂದ್ರೆ ಗ್ರಹಗಳ ಓಡಾಟ, ಅಷ್ಟೇ, ಒಳ್ಳೇದೂ ಅಲ್ಲ ಕೆಟ್ಟದ್ದೂ ಅಲ್ಲ. ಈಗ 'ನನ್ ಗ್ರಹಚಾರ' ಅಂದ್ರೆ ಟ್ರಾಫಿಕ್ಕಲ್ಲಿ ಸಿಕ್ಕಿಹಾಕ್ಕೊಂಡಿದೀನಿ ಅಂತ. ಕರ್ಮ ಅನ್ನೋ ಅಷ್ಟು ದೊಡ್ಡ ಪದ 'ಅಯ್ಯೋ ಕರ್ಮ' ಆಗಿ ಚಿಲ್ಲರೆ ಆಯ್ತು, 'ಎಂಥಾ ಕರ್ಮದ ಕೆಲಸ' ಅಂದಾಗ ಹೆಚ್ಚುಕಡಿಮೆ ವಿಶೇಷಣವೇ ಆಗಿಬಿಟ್ಟಿದೆ, ವೇದದ ಕರ್ಮಕಾಂಡ ಪೇಪರಿನ ಹೆಡ್‌ಲೈನಲ್ಲಿ ಹಗರಣ ಆಗಿದೆ. ಅಷ್ಟೇ ಯಾಕೆ, ನೀವು ಅನುವಾದಕ್ಕೆ ಬಳಸಿದ 'ವಿಚಿತ್ರ'ವೇ ಮೊದಲು ಬೈಗುಳ ಆಗಿರಲಿಲ್ಲ, ಚಿತ್ರ ಅಂದ್ರೆ ಬಗೆಬಗೆ ಬಣ್ಣದ್ದು, ವಿಚಿತ್ರ ಅಂದ್ರೆ ಇನ್ನೂ ಬಣ್ಣಬಣ್ಣದ್ದು, ಸೊಗಸಾದದ್ದು. ಮಹಾಭಾರತದಲ್ಲಿ ರಾಜಕುಮಾರನಿಗೆ ವಿಚಿತ್ರವೀರ್ಯ ಅಂತ ಹೆಸರಿಟ್ಟಿದ್ದು ಅವಮಾನ ಮಾಡೋಕಲ್ಲ.

ಈಗ ನಿಮ್ಮ ಮ್ಯಾನೇಜರ್. ಅವರು ಕೋಡ್ ನೋಡಿ ದಟ್ಸ್ ವಿಯರ್ಡ್ ಅಂದ್ರೆ ನಿಮ್ಮನ್ನ ಬೈತಿಲ್ಲ, ನಾನು ಅಂದ್ಕೊಂಡಿದ್ದಕ್ಕೂ ಇಲ್ಲಿ ಆಗಿರೋದಕ್ಕೂ ತಾಳೆ ಆಗ್ತಿಲ್ಲ, ಕಾರಣ ನನಗೂ ಗೊತ್ತಿಲ್ಲ ಅಂತಿದಾರೆ. ಸ್ಟ್ರೇಂಜ್‌ಗಿಂತ ಇದು ಸ್ವಲ್ಪ ಮೈಗೆ ಹತ್ತಿರದ ಪದ. ಸ್ಟ್ರೇಂಜ್ ಅನ್ನೋದು ಹೊರಗಿನವನು ಅನ್ನೋ ಲ್ಯಾಟಿನ್ ಪದದಿಂದ ಬಂದಿದ್ದು, ಅದರಲ್ಲಿ ಅಪರಿಚಿತ ಅನ್ನೋ ಭಾವ ಜಾಸ್ತಿ. ಆಡ್ ಅನ್ನೋದು ಬೆಸ ಸಂಖ್ಯೆ, ಜೋಡಿ ಇಲ್ಲದ್ದು, ಸೆಟ್ಟಲ್ಲಿ ಸೇರದ್ದು. ವಿಯರ್ಡ್ ಅಂದ್ರೆ ನನಗೇ ಒಳಗೆ ಏನೋ ಒಂದು ಆಗ್ತಿದೆ. ಕನ್ನಡದಲ್ಲಿ ಇದಕ್ಕೆ ಸರಿಯಾದ ಜೋಡಿ ನಿಘಂಟಲ್ಲಿ ಹುಡುಕಬೇಡಿ, ಅದು 'ಒಂಥರಾ'. ಐ ಫೀಲ್ ವಿಯರ್ಡ್: ಒಂಥರಾ ಆಗ್ತಿದೆ. ದಟ್ ವಾಸ್ ವಿಯರ್ಡ್: ಅದು ಒಂಥರಾ ಇತ್ತು. ಯಾವ ಥರಾ ಅಂತ ಕೇಳಿದ್ರೆ ಹೇಳೋಕಾಗಲ್ಲ, ಹೇಳೋಕಾಗಿದ್ರೆ ಒಂಥರಾ ಅಂತಿರಲಿಲ್ಲ. ಆ ಥರಾ ಅನ್ನೋದು ಪಾರ್ಸಿ ಕಡೆಯಿಂದ ಬಂದ ತರಹ, ಇರಲಿ ಅದು ಇನ್ನೊಂದು ದಿನದ ಕಥೆ.

ಮನುಷ್ಯರಿಗೆ ಈ ಪದ ಹಾಕುವಾಗ ಮಾತ್ರ ಹುಷಾರು. ಕೆಲಸ ವಿಯರ್ಡ್ ಅನ್ನಬಹುದು, ಮನುಷ್ಯನನ್ನ ವಿಯರ್ಡ್ ಅಂದ್ರೆ ಕುಟುಕುತ್ತೆ. 2024ರ ಜುಲೈನಲ್ಲಿ ಅಮೆರಿಕಾದ ಚುನಾವಣೆ ಹೊತ್ತಲ್ಲಿ ಮಿನ್ನೆಸೋಟಾದ ಗವರ್ನರ್ ಟಿಮ್ ವಾಲ್ಜ್ ಎದುರು ಪಕ್ಷದವರನ್ನ ವಿಯರ್ಡ್ ಅಂದಿದ್ದಕ್ಕೆ ಎಷ್ಟು ಗಲಾಟೆ ಆಯ್ತು ಅಂದ್ರೆ, ಅಪಾಯಕಾರಿ ಅಂತ ಬೈದಿದ್ದಕ್ಕಿಂತ ಅದೇ ಜಾಸ್ತಿ ಚುಚ್ಚಿತು ಅಂತ ಜನ ಮಾತಾಡಿಕೊಂಡ್ರು. ಅದೇ ಟೆಕ್ಸಾಸ್‌ನ ಆಸ್ಟಿನ್ ಊರಿನವರು 'ಆಸ್ಟಿನ್ ವಿಯರ್ಡ್ ಆಗೇ ಇರಲಿ' ಅಂತ ಟೀ ಶರ್ಟ್ ಹಾಕ್ಕೊಂಡು ಓಡಾಡ್ತಾರೆ, ಅಲ್ಲಿ ಹೆಮ್ಮೆ. ತನ್ನನ್ನ ತಾನು ಅಂದ್ಕೊಂಡ್ರೆ ಹೆಮ್ಮೆ, ಬೇರೆಯವರು ಅಂದ್ರೆ ಬೈಗುಳ, ನಮ್ಮ 'ತಿಕ್ಲು' ಇದೆಯಲ್ಲ ಹಾಗೆ.

ಕೊನೇದಾಗಿ ಸ್ಪೆಲಿಂಗ್, ನೀವು ಕೇಳಿಲ್ಲ ಆದ್ರೂ ಮಗಳು ತಪ್ಪೇ ತಪ್ತಾಳೆ. ಶಾಲೇಲಿ ಐ ಮೊದಲು ಇ ಆಮೇಲೆ, ಸಿ ಹಿಂದೆ ಬಂದ್ರೆ ಮಾತ್ರ ಉಲ್ಟಾ ಅಂತ ಹೇಳಿಕೊಟ್ಟಿರ್ತಾರೆ, ಇಲ್ಲಿ ಸಿ ಇಲ್ಲದೇನೇ ಇ ಮೊದಲು ಬರುತ್ತೆ. ಯಾಕಂದ್ರೆ ಇದು ಸ್ಕಾಟ್ಲೆಂಡಿನ ಸ್ಪೆಲಿಂಗು, ಇಂಗ್ಲೆಂಡಿನ ಮೇಷ್ಟ್ರ ನಿಯಮಕ್ಕೆ ಅದು ಯಾಕೆ ತಲೆ ಬಾಗಿಸುತ್ತೆ. ಹೇಳುವಾಗ 'ವಯರ್ಡ್' ಅನ್ನಬೇಡಿ, ಅದು ವಯರ್ ಹಾಕಿದ ಇಯರ್‌ಫೋನಿಗೆ. ವಿಯರ್ಡ್. ಉತ್ತರಪತ್ರಿಕೇಲಿ ಅರ್ಥ ಬರೆಯುವಾಗ 'ವಿಧಿಯನ್ನು ಬಲ್ಲ ಮೂವರು ಸೋದರಿಯರು' ಅಂತ ಬರೀಲಿ, 'ವಿಧಿಯನ್ನು ನಡೆಸುವ' ಅಂತ ಬರೆದ್ರೆ ಟೀಚರ್ ಕೇಳಬಹುದು, ಹಾಗಾದ್ರೆ ರಾಜನ ಕೊಲೆ ಮಾಡಿದ್ದು ಮ್ಯಾಕ್‌ಬೆತ್ತಾ ಅವರಾ ಅಂತ, ಅದಕ್ಕೆ ಇನ್ನೂ ನಾಲ್ಕು ಪುಟ ಬರೀಬೇಕಾಗುತ್ತೆ.